ಮೆಟ್ಟುಗತ್ತಿ ತಾಗಿ ಮಣಿಕಟ್ಟಿನ ನರ ಹೋದರೆ?

ಪ್ರಶ್ನೆ (ಶಿರಸಿ): ಅಡಿಕೆ ಸುಲಿಯುವಾಗ ಅಣ್ಣನ ಮಣಿಕಟ್ಟು ಸೀಳಿ ನಾಲ್ಕು ದಿನ. ಚರ್ಮಕ್ಕೆ ಹೊಲಿಗೆ ಬಿದ್ದಿದೆ, ಕಿರುಬೆರಳಿಗೆ ಸ್ಪರ್ಶವೇ ಇಲ್ಲ. ಕಾದು ನೋಡಬಹುದಾ?

ಉತ್ತರ 1: ಕಾಯಬೇಡಿ. ಕಿರುಬೆರಳಿಗೆ ಸ್ಪರ್ಶ ಕೊಡುವ ಅಲ್ನಾರ್ ನರ ತುಂಡಾಗಿರಬಹುದು. ಹುಬ್ಬಳ್ಳಿಗೋ ಮಣಿಪಾಲಕ್ಕೋ, ಕೈ ಸರ್ಜನ್ ಹತ್ತಿರ ಈ ವಾರವೇ ಹೋಗಿ. ಮೈಕ್ರೋಸ್ಕೋಪಿನಡಿ ತೀರಾ ತೆಳುವಾದ (9-0) ನೈಲಾನ್ ದಾರದಲ್ಲಿ ನರದ ಹೊರಪೊರೆ ಜೋಡಿಸ್ತಾರೆ. ತಡವಾದಷ್ಟೂ ತುಂಡಾದ ನರದ ತುದಿಗಳು ಹಿಂದೆ ಸರೀತಾವೆ. ಎಳೆದು ಹೊಲಿದರೆ ರಕ್ತ ಸರಿಯಾಗಿ ಹರಿಯದೆ ಜೋಡಣೆ ಕೆಡ್ತದೆ. ಎಳೆಯದೆ ತುದಿಗಳು ಕೂಡದಿದ್ದರೆ ಕಾಲಿನ ಸೂರಲ್ ನರದ ತುಂಡನ್ನು ನಡುವೆ ಕಸಿ ಮಾಡಬೇಕು.

ಉತ್ತರ 2: ಇಎಂಜಿಗೆ (ಸ್ನಾಯುವಿನ ವಿದ್ಯುತ್ ಸಂಕೇತ ನೋಡಿ ನರದ ಸ್ಥಿತಿ ತಿಳಿಯೋ ಪರೀಕ್ಷೆ) ಈಗಲೇ ದುಡ್ಡು ಸುರೀಬೇಡಿ, ಮೂರು ವಾರದೊಳಗೆ ಅದು ಪೂರ್ತಿ ಹೇಳೋದಿಲ್ಲ.

ಪ್ರಶ್ನೆ: ಹೊಲಿದ ಮೇಲೆ?

ಉತ್ತರ 1: ನರ ದಿನಕ್ಕೆ ಸುಮಾರು 1 ಮಿ.ಮೀ. ಬೆಳೀತದೆ, ತಿಂಗಳುಗಟ್ಟಲೆ ತಾಳ್ಮೆ ಬೇಕು. ನರದ ಮೇಲೆ ತಟ್ಟಿದಾಗ ಜುಮ್ಮೆನ್ನೋ ಜಾಗ ಬೆರಳ ಕಡೆ ಸರಿದರೆ ಒಳ್ಳೇದು. ಬೆರಳು ಕೊಕ್ಕೆಯಾಗದಂತೆ ಸ್ಪ್ಲಿಂಟ್ (ಆಸರೆ ಪಟ್ಟಿ) ಹಾಕಿಸಿ. ಬಿಸಿ ಪಾತ್ರೆ ಮಾತ್ರ ಆ ಕೈಯಲ್ಲಿ ಮುಟ್ಟಿಸಬೇಡಿ.