ಕಮಾಂಡ್ ಲೈನ್ ಸಾಧನದ ಸಹಾಯ ಪಠ್ಯ ಸ್ಪಷ್ಟವಾಗಬೇಕಾದರೆ ಏನು ಮಾಡಬೇಕು? ಅನುಭವ ತಿಳಿಸಿ

ಕೇಳಿದವರು, ಹಾಸನ:
ಕಾಫಿ ತೋಟಗಳ ಮಳೆ ಲೆಕ್ಕ ಬರೆದಿಡುವ , ಟರ್ಮಿನಲ್‌ನಲ್ಲಿ ಆದೇಶ ಟೈಪ್ ಮಾಡಿ ನಡೆಸುವ ಸಣ್ಣ ಸಾಧನವೊಂದನ್ನು ಪೈಥಾನ್ ಭಾಷೆಯಲ್ಲಿ, ಆದೇಶದ ಆಯ್ಕೆಗಳನ್ನು ಓದಿಕೊಳ್ಳುವ ಅದರ ಆರ್ಗ್‌ಪಾರ್ಸ್ ಮಾಡ್ಯೂಲ್ ಬಳಸಿ ಸಿದ್ಧಪಡಿಸಿದ್ದೇನೆ. ಆದೇಶದ ಜೊತೆ --ಹೆಲ್ಪ್ ಕೊಟ್ಟರೆ ಸಹಾಯ ಪಠ್ಯವಾಗಿ ಇಪ್ಪತ್ತಾರು ಆಯ್ಕೆಗಳ ಪಟ್ಟಿ ಬರುತ್ತದೆ. ಆದರೂ ಬಳಸುವವರು ಪ್ರತಿ ಸಲವೂ ನನಗೇ ಫೋನ್ ಮಾಡುತ್ತಾರೆ. ವಿವರಣೆಯನ್ನು ಕನ್ನಡದಲ್ಲಿ ಕೊಡಬೇಕೆಂಬ ಆಸೆಯೂ ಇದೆ. ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಚಿಕ್ಕಮಗಳೂರಿನಿಂದ:
ನಮಸ್ಕಾರ. ಇಂಥದೇ ಒಂದು ಸಾಧನವನ್ನು ನಾನು ಇಲ್ಲಿನ ತೋಟವೊಂದಕ್ಕೆ ಬರೆದುಕೊಟ್ಟಿದ್ದೆ. ಮಳೆಯ ಆಯ್ಕೆಯ ಎದುರು ‘ಮಳೆಯ ಪ್ರಮಾಣ’ ಎಂದಷ್ಟೇ ಬರೆದಿದ್ದೆ. ನನ್ನ ಮನಸ್ಸಿನಲ್ಲಿದ್ದದ್ದು ಮಿಲಿಮೀಟರ್. ನಮ್ಮ ತೋಟಗಳಲ್ಲಾದರೋ ಮಳೆಯನ್ನು ಇಂಚು, ಸೆಂಟುಗಳಲ್ಲಿ ಹೇಳುವುದು ರೂಢಿ, ನೂರು ಸೆಂಟಿಗೆ ಒಂದು ಇಂಚು. ಕಾಫಿ ಹೂ ಅರಳಿಸುವ ಹೂಮಳೆ ಬಂದ ದಿನ ತೋಟದ ಲೆಕ್ಕ ಬರೆಯುವ ರೈಟರು 50 ಎಂದು ಕೊಟ್ಟರು. ಅವರ ಲೆಕ್ಕದಲ್ಲಿ ಅದು ಅರ್ಧ ಇಂಚು, ಅಂದರೆ 12.7 ಮಿ.ಮೀ.; ಸಾಧನ ಅದನ್ನು 50 ಮಿ.ಮೀ. ಎಂದೇ ದಾಖಲಿಸಿಕೊಂಡಿತು. ಗೊತ್ತಾಗುವ ಹೊತ್ತಿಗೆ ಎರಡು ತಿಂಗಳ ಲೆಕ್ಕ ಕೆಟ್ಟಿತ್ತು. ಆ ಎರಡು ಪದಗಳಿಗೆ ಮೂರನೆಯದೊಂದನ್ನು ಸೇರಿಸಿದ್ದರೆ ಇದು ತಪ್ಪುತ್ತಿತ್ತೆಂಬುದು ನನಗೆ ಇಂದಿಗೂ ನೋವಿನ ಸಂಗತಿ.

ಆದ್ದರಿಂದ ಬೆಲೆ (ವ್ಯಾಲ್ಯೂ) ಪಡೆಯುವ ಪ್ರತಿಯೊಂದು ಆಯ್ಕೆಯ ಎದುರೂ ಅದರ ಅಳತೆಮಾನ, ಏನೂ ಕೊಡದಿದ್ದರೆ ಸಾಧನ ತಾನಾಗಿ ಹಿಡಿಯುವ ಬೆಲೆ, ಇವೆರಡನ್ನೂ ಬರೆಯಿರಿ. ಸಾಧ್ಯವಿದ್ದರೆ --ಮಳೆ ಎಂಬುದರ ಬದಲು --ಮಳೆ-ಸೆಂಟ್ ಎಂದು ಹೆಸರಿನಲ್ಲೇ ಅಳತೆಯನ್ನು ಸೇರಿಸುವುದು ಇನ್ನೂ ಒಳ್ಳೆಯದು, ಏಕೆಂದರೆ ಸಹಾಯ ಪಠ್ಯವನ್ನು ತೆರೆಯದವರೂ ಹೆಸರನ್ನು ಓದಿಯೇ ಓದುತ್ತಾರೆ. ಬೆಲೆಯ ಜಾಗದಲ್ಲಿ ಆರ್ಗ್‌ಪಾರ್ಸ್ ತಾನಾಗಿ ಆಯ್ಕೆಯ ಹೆಸರನ್ನೇ ದೊಡ್ಡಕ್ಷರಗಳಲ್ಲಿ ತೋರಿಸುತ್ತದೆ. ಆರ್ಗ್‌ಪಾರ್ಸ್‌ನ ಮೆಟಾವಾರ್ ಎಂಬ ಸೆಟ್ಟಿಂಗ್ ಮೂಲಕ ಅಲ್ಲಿ ಅರ್ಥವಾಗುವ ಪದವನ್ನು ಇಡಬಹುದು.

ಎರಡನೆಯದು ಉದಾಹರಣೆ. ದಿನನಿತ್ಯ ಬೇಕಾಗುವ ಮೂರು ಪೂರ್ಣ ಆದೇಶಗಳನ್ನು, ಹಾಗೆಯೇ ನಕಲು ಮಾಡಿ ಬಳಸುವಂತೆ, ಪಠ್ಯದ ಕೊನೆಯಲ್ಲಿ, ಆಯ್ಕೆಗಳ ಪಟ್ಟಿಯ ನಂತರ ಬರುವ ಎಪಿಲಾಗ್ ಎಂಬ ಭಾಗದಲ್ಲಿ ಕೊಡಿ. ಪಟ್ಟಿ ಉದ್ದವಿದ್ದಾಗ ಟರ್ಮಿನಲ್‌ನಲ್ಲಿ ಕಣ್ಣಿಗೆ ಉಳಿಯುವುದು ಕೊನೆಯ ಸಾಲುಗಳೇ. ಆದರೆ ಆರ್ಗ್‌ಪಾರ್ಸ್ ಆ ಸಾಲುಗಳನ್ನೆಲ್ಲ ಒಂದೇ ಪ್ಯಾರಾ ಆಗಿ ಕೂಡಿಸಿಬಿಡುತ್ತದೆ. ಅವು ಬರೆದ ಹಾಗೆಯೇ ಉಳಿಯಬೇಕಾದರೆ ಸಹಾಯ ಪಠ್ಯವನ್ನು ಜೋಡಿಸುವ ರಾ-ಡಿಸ್ಕ್ರಿಪ್ಷನ್-ಹೆಲ್ಪ್-ಫಾರ್ಮ್ಯಾಟರ್ ಎಂಬ ಬಗೆಯನ್ನು ಆರಿಸಿಕೊಳ್ಳಬೇಕು. ಇಪ್ಪತ್ತಾರು ಆಯ್ಕೆಗಳನ್ನು ಕೆಲಸಕ್ಕೆ ತಕ್ಕಂತೆ ಗುಂಪು ಮಾಡಿದರೆ ಸಾಕು.

ಹಾಸನದಿಂದ ಇನ್ನೊಬ್ಬರು:
ಮೇಲಿನ ಮಾತುಗಳನ್ನು ಒಪ್ಪುತ್ತೇನೆ. ಬಳಕೆದಾರರು ತಪ್ಪಾದ ಆಯ್ಕೆ ಕೊಟ್ಟಾಗ ಇಡೀ ಸಹಾಯ ಪಠ್ಯವನ್ನು ಸುರಿಯಬೇಡಿ. ಏನು ತಪ್ಪಾಯಿತು ಎಂಬ ಒಂದು ಸಾಲು ಅದರಲ್ಲಿ ಮುಳುಗಿಹೋಗುತ್ತದೆ. ಆ ಸಾಲು ತಪ್ಪುಗಳ ಸಂದೇಶಕ್ಕೆಂದೇ ಇರುವ ಸ್ಟ್ಯಾಂಡರ್ಡ್ ಎರರ್‌ಗೆ ಹೋಗಲಿ. ಬಳಕೆದಾರರೇ ಕೇಳಿದ ಸಹಾಯ ಮಾಮೂಲಿ ಫಲಿತಾಂಶ ಬರುವ ಸ್ಟ್ಯಾಂಡರ್ಡ್ ಔಟ್‌ಪುಟ್‌ಗೆ ಬಂದು, ಸಾಧನ ಸೊನ್ನೆಯ ಸ್ಥಿತಿಯೊಂದಿಗೆ, ಅಂದರೆ ತಪ್ಪಿಲ್ಲವೆಂಬ ಸೂಚನೆಯೊಂದಿಗೆ ಮುಗಿಯಬೇಕು. ಆಗಲೇ ಅದನ್ನು ಪುಟಪುಟವಾಗಿ ತೋರಿಸುವ ಲೆಸ್ ಅಥವಾ ಪದ ಹುಡುಕುವ ಗ್ರೆಪ್ ಆದೇಶಕ್ಕೆ ನೇರವಾಗಿ ಕಳುಹಿಸಿ ಓದಬಹುದು.

ಕನ್ನಡದ ವಿಷಯದಲ್ಲಿ ಒಂದು ಎಚ್ಚರಿಕೆ. ‘ಕಾಫಿ’ ನಮ್ಮ ಕಣ್ಣಿಗೆ ಎರಡು ಅಕ್ಷರ. ಪೈಥಾನ್‌ನ ಎಣಿಕೆಯಲ್ಲಿ ಗುಣಿತದ ಚಿಹ್ನೆಗಳೂ ಸೇರಿ ನಾಲ್ಕು. ಕಂಬಸಾಲುಗಳ ಅಗಲವನ್ನು ಆರ್ಗ್‌ಪಾರ್ಸ್ ಈ ಎಣಿಕೆಯಿಂದಲೇ ನಿರ್ಧರಿಸುವುದರಿಂದ, ಎಡಗಡೆಯಲ್ಲಿ ಕನ್ನಡವಿದ್ದರೆ ಬಲಗಡೆಯ ವಿವರಣೆಗಳು ಒಂದೇ ನೇರಕ್ಕೆ ನಿಲ್ಲುವುದಿಲ್ಲ. ಆಯ್ಕೆಯ ಹೆಸರು, ಮೆಟಾವಾರ್ ಎರಡನ್ನೂ ಇಂಗ್ಲಿಷ್ ಲಿಪಿಯಲ್ಲಿಟ್ಟು, ವಿವರಣೆಯನ್ನು ಮಾತ್ರ ಕನ್ನಡದಲ್ಲಿ ಬರೆಯಿರಿ. ಆಗ ಬಲಗಡೆಯ ಸಾಲುಗಳು ಸ್ವಲ್ಪ ಬೇಗ ಮುರಿಯಬಹುದು, ಓದುವುದಕ್ಕೆ ತೊಂದರೆಯಾಗುವುದಿಲ್ಲ.