ಪ್ಲುಟೋನಿಯಂ ಚುಚ್ಚಿದ್ದಕ್ಕೆ ‘ಯುದ್ಧಕಾಲ’ ಅನ್ನುವ ನೆಪ ಸಾಕಾ?

ಹಾಸನದ ಹುಡುಗ: ಅಮೆರಿಕದಲ್ಲಿ 1945ರಿಂದ 1947ರ ತನಕ 18 ರೋಗಿಗಳಿಗೆ ಪ್ಲುಟೋನಿಯಂ (ಅಣುಬಾಂಬಿಗೆ ಬಳಸುವ ವಿಕಿರಣಶೀಲ ಲೋಹ) ಚುಚ್ಚಿ, ಮೈಯೊಳಗೆ ಅದು ಏನಾಗುತ್ತದೆ ಅಂತ ನೋಡಿದರು. ಈ ಮಾತು ಬಂದಾಗಲೆಲ್ಲ ‘ಅದು ಯುದ್ಧಕಾಲ ಬಿಡಿ’ ಅನ್ನುತ್ತಾರೆ. ನಾನು ಒಪ್ಪಲ್ಲ. ಮೊದಲನೆಯವರು ಎಬ್ ಕೇಡ್, ಅಣುಬಾಂಬ್ ಯೋಜನೆಯ ಕೇಂದ್ರವಾಗಿದ್ದ ಓಕ್ ರಿಡ್ಜ್‌ನ ಕಪ್ಪು ಕಾರ್ಮಿಕ. ಕಾರು ಅಪಘಾತದಲ್ಲಿ ಮೂಳೆ ಮುರಿದು ಆಸ್ಪತ್ರೆ ಸೇರಿದ್ದರು, ಅಷ್ಟೇ. 1945ರ ಏಪ್ರಿಲ್ 10ರಂದು ಚುಚ್ಚಿದರು. ಆಮೇಲೆ ಮೂಳೆಯ ಚೂರು ತೆಗೆದು, 15 ಹಲ್ಲು ಕಿತ್ತು ಪರೀಕ್ಷಿಸಿದರು.

ಫಿಸಿಕ್ಸ್ ಮೇಷ್ಟ್ರು: ಒಪ್ಪಿಗೆ ಕೇಳದ್ದು ತಪ್ಪು. ಆದರೆ ಕಾರಣವನ್ನೂ ನೋಡಿ. ಬಾಂಬ್ ತಯಾರಿಸುವ ಕಡೆ ಜನ ದಿನಾ ಪ್ಲುಟೋನಿಯಂ ಮುಟ್ಟುತ್ತಿದ್ದರು. ಮೂತ್ರದಲ್ಲಿ ಎಷ್ಟು ಹೊರಗೆ ಹೋಗುತ್ತದೆ ಅಂತ ಗೊತ್ತಾದರೆ ತಾನೆ ಒಳಗೆ ಎಷ್ಟು ಉಳಿದಿದೆ ಅಂತ ಲೆಕ್ಕ ಸಿಗುವುದು? ಆ ಲೆಕ್ಕವೇ ಮುಂದೆ ಕೆಲಸಗಾರರ ಸುರಕ್ಷತೆಗೆ ಬಳಕೆಯಾಯಿತು. ಸುಮ್ನೆ ರಾಕ್ಷಸರು ಅನ್ನಬೇಡಿ.

ರೇಖಾ: ಸರ್, ಯುದ್ಧ 1945ರಲ್ಲೇ ಮುಗಿಯಿತು, ಚುಚ್ಚುವುದು ಮುಗಿಯಲಿಲ್ಲ. 1947ರ ಏಪ್ರಿಲ್ 17ರಂದು ಅಣುಶಕ್ತಿ ಆಯೋಗದಲ್ಲಿ ಒಂದು ಪತ್ರ ಬರೆದರು. ಮನುಷ್ಯರ ಮೇಲಿನ ಪ್ರಯೋಗದ ಕಾಗದ ಹೊರಗೆ ಬಿಡಬೇಡಿ, ಜನ ತಿರುಗಿ ಬೀಳಬಹುದು, ಕೋರ್ಟ್ ಕೇಸ್ ಆಗಬಹುದು ಅಂತ. ತಪ್ಪು ಅಂತ ಗೊತ್ತಿದ್ದವರು ಮಾತ್ರ ಹೀಗೆ ಬರೆಯುತ್ತಾರೆ, ಅಲ್ವಾ? ಅದೇ ಜುಲೈನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಎಲ್ಮರ್ ಆಲೆನ್ ಅನ್ನುವ ರೈಲ್ವೆ ಪೋರ್ಟರ್ ಎಡಗಾಲಿಗೆ ಚುಚ್ಚಿದರು. ಮೂರು ದಿನಕ್ಕೆ ಆ ಕಾಲನ್ನೇ ಕತ್ತರಿಸಿದರು.

ಫಿಸಿಕ್ಸ್ ಮೇಷ್ಟ್ರು: ಆಲೆನ್ ಕಾಲಿಗೆ ಕ್ಯಾನ್ಸರ್ ಅಂತ ಕತ್ತರಿಸಿದ್ದು, ಪ್ಲುಟೋನಿಯಂನಿಂದ ಅಲ್ಲ. ಅವರಿಗೆ ವಿಷಯ ತಿಳಿಸಲಾಗಿದೆ, ಒಪ್ಪಿದ್ದಾರೆ ಅಂತ ಫೈಲಿನಲ್ಲಿ ಬರೆದಿದೆ.

ರೇಖಾ: ಬರೆದು ಸಹಿ ಹಾಕಿದ್ದು ಡಾಕ್ಟರುಗಳು, ಆಲೆನ್ ಅಲ್ಲ. ಇನ್ನೂ ಹೇಳಬೇಕೆಂದರೆ, 1973ರಲ್ಲಿ ಬದುಕಿದ್ದವರನ್ನು ಮತ್ತೆ ಕರೆಸಿ ಪರೀಕ್ಷಿಸಿದಾಗಲೂ ನಿಜವಾದ ಕಾರಣ ಹೇಳಲಿಲ್ಲ. ಆಗ ಯಾವ ಯುದ್ಧಕಾಲದ ನೆಪ ಇತ್ತು?

ಲಂಡನ್ ಕನ್ನಡತಿ: ಅಮೆರಿಕ ಒಂದೇ ಅಲ್ಲ. 1969ರಲ್ಲಿ ಬ್ರಿಟನ್ನಿನ ಕೊವೆಂಟ್ರಿಯಲ್ಲಿ ದಕ್ಷಿಣ ಏಷ್ಯಾ ಮೂಲದ 21 ಹೆಂಗಸರಿಗೆ ವಿಕಿರಣಶೀಲ ಕಬ್ಬಿಣ ಬೆರೆಸಿದ ಚಪಾತಿ ತಿನ್ನಿಸಿದರು. ರಕ್ತಹೀನತೆಯ ಅಧ್ಯಯನ, ಸರ್ಕಾರದ ದುಡ್ಡಿನಿಂದ ನಡೆಯುವ ವೈದ್ಯಕೀಯ ಸಂಶೋಧನಾ ಮಂಡಳಿಯದ್ದು. ವಿಕಿರಣ ಕಡಿಮೆಯೇ ಇತ್ತು. ಆದರೆ ಅವರಲ್ಲಿ ಕೆಲವರಿಗೆ ಇಂಗ್ಲಿಷ್ ಸರಿಯಾಗಿ ಬರುತ್ತಿರಲಿಲ್ಲ. ನಮ್ಮ ಅಮ್ಮಂದಿರ ವಯಸ್ಸಿನವರು. ಓದಿದಾಗ ಹೊಟ್ಟೆ ಉರಿಯಿತು.

ಹಾಸನದ ಹುಡುಗ: ಆ 18 ಜನರದ್ದೂ ಇದೇ ಪಾಡು. ಸರ್ಕಾರ ಅವರ ಹೆಸರನ್ನು ಮುಂದಿಡಲೇ ಇಲ್ಲ. ವರದಿಗಾರ್ತಿ ಐಲೀನ್ ವೆಲ್ಸಮ್ ಹುಡುಕಿ 1993ರಲ್ಲಿ ಬರೆದ ಮೇಲೆ ದೇಶಕ್ಕೆ ಗೊತ್ತಾಯಿತು. ಅಷ್ಟರಲ್ಲಿ ಆಲೆನ್ ತೀರಿಕೊಂಡು ಎರಡು ವರ್ಷ ಆಗಿತ್ತು. ಅಧ್ಯಕ್ಷ ಕ್ಲಿಂಟನ್ ಕ್ಷಮೆ ಕೇಳಿದ್ದು 1995ರಲ್ಲಿ.

ಫಿಸಿಕ್ಸ್ ಮೇಷ್ಟ್ರು: ಮುಚ್ಚಿಟ್ಟಿದ್ದನ್ನು ನಾನೂ ಸಮರ್ಥಿಸಲ್ಲ. ಹಾಗಂತ ಆ ಅಂಕಿಗಳನ್ನು ಎಸೆಯಬೇಕಾ?

ರೇಖಾ: ಎಸೆಯಿರಿ ಅಂತ ಯಾರೂ ಹೇಳಿಲ್ಲ ಸರ್. ಕ್ಲಾಸಿನಲ್ಲಿ ಆ ಅಂಕಿ ಬರೆಯುವಾಗ ಎಬ್ ಕೇಡ್ ಹೆಸರನ್ನೂ ಬೋರ್ಡಿನ ಮೇಲೆ ಬರೆಯಿರಿ.