ಒಂಬತ್ತರಿಂದ ಹನ್ನೆರಡು, ಕೂಸು ಯಾರ ಕೈಲಿ?

(ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ ನಡೆದ ಮಾತು ಇದು. ಎಲ್ಲರನ್ನೂ ಕೇಳಿಯೇ ಹಾಕಿದ್ದೀನಿ, ಹೆಸರು ಬದಲಿಸಿದ್ದೀನಿ. ನಡುನಡುವೆ ಬಂದ ಗುಲಾಬಿ ಹೂವಿನ ಶುಭೋದಯಗಳನ್ನೂ ಕೈಮುಗಿದ ಗುರುತುಗಳನ್ನೂ ಕಿತ್ತುಹಾಕಿದ್ದೀನಿ, ಇಲ್ಲದಿದ್ದರೆ ಇದು ಇನ್ನೆರಡರಷ್ಟು ಉದ್ದ ಆಗ್ತಿತ್ತು. ಅನಿಲ್ ಅಂದರೆ ನಾನು. ಸ್ಟೀವನ್ ನನ್ನ ಅಪ್ಪ, ಪ್ರೇಮ ಅಮ್ಮನ ಅಕ್ಕ, ಜಯಂತ ಸೋದರಮಾವ. ಮಾವ ಮತ್ತು ಶೀಲಾ ಅತ್ತೆ ಐದು ಮಕ್ಕಳ ಜೊತೆ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಹಳ್ಳಿಗಾಡಿನಲ್ಲಿದ್ದಾರೆ. ಗ್ರೇಸ್ ಅವರ ಮಗಳು. ಮಾತಿನಲ್ಲಿ ಬರುವ ಸುಸನ್ನಾ ವೆಸ್ಲಿ ಮುನ್ನೂರು ವರ್ಷದ ಹಿಂದೆ ಇಂಗ್ಲೆಂಡಿನಲ್ಲಿದ್ದ ಪಾದ್ರಿಯೊಬ್ಬರ ಹೆಂಡತಿ, ಮೆಥೊಡಿಸ್ಟ್ ಪಂಥ ಕಟ್ಟಿದ ಜಾನ್ ಮತ್ತು ಚಾರ್ಲ್ಸ್ ಅವರ ತಾಯಿ.)

ಸ್ಟೀವನ್: [ಚಿತ್ರ: ತಲೆ ಮೇಲೆ ಏಪ್ರನ್ ಹೊದ್ದು ಕುರ್ಚಿಯಲ್ಲಿ ಕೂತು ಪ್ರಾರ್ಥಿಸುವ ಹೆಂಗಸು, ಸುತ್ತ ಮಕ್ಕಳ ಗಲಾಟೆ]
19 ಮಕ್ಕಳನ್ನು ಹೆತ್ತ ಮಹಾತಾಯಿ ಸುಸನ್ನಾ ವೆಸ್ಲಿ. ಶಾಲೆಯಿಲ್ಲ, ಟ್ಯೂಷನ್ ಇಲ್ಲ, ಹಳ್ಳಿಮನೆಯಲ್ಲೇ ಪಾಠ. ಜಾನ್ ಮತ್ತು ಚಾರ್ಲ್ಸ್ ಲೋಕವನ್ನೇ ಅಲುಗಾಡಿಸಿದರು. ಇಂದಿನ ತಾಯಂದಿರೇ, ನಿಮಗೆ ಸಮಯವಿಲ್ಲವೇ?

ಸ್ಟೀವನ್: ಜಯಂತ, ನಿನಗೋಸ್ಕರವೇ ಹಾಕಿದ್ದು ಇದು.

ಜಯಂತ: ಸರಿಯಾದ ಹೊತ್ತಿಗೆ ಹಾಕಿದ್ರಿ ಬಾವ. ಎಲ್ಲರಿಗೂ ಹೇಳಬೇಕು ಅಂತಿದ್ದೆ. ಬರೋ ವರ್ಷದಿಂದ ನಮ್ಮ ಮಕ್ಕಳಿಗೆ ಮನೆಯಲ್ಲೇ ಪಾಠ. ಪ್ರಾರ್ಥನೆ ಮಾಡಿ ತೀರ್ಮಾನ ಮಾಡಿದ್ದೀವಿ.

ಅನಿಲ್: ಐದೂ ಜನಕ್ಕಾ ಮಾವ?

ಜಯಂತ: ನಾಲ್ಕು ಜನಕ್ಕೆ ಕಣೋ. ಪುಟ್ಟನಿಗೆ ಇನ್ನೂ ಎರಡು ವರ್ಷ.

ಅನಿಲ್: ಅಪ್ಪ, "ಇಂದಿನ ತಾಯಂದಿರೇ" ಅಂತ ಮಾತ್ರ ಇದೆಯಲ್ಲ, ತಂದೆಯರಿಗೆಲ್ಲ ಅವತ್ತು ರಜಾನಾ?

ಸ್ಟೀವನ್: ಬಂದದ್ದನ್ನು ಕಳಿಸಿದೆ. ನಾನು ಬರೆದದ್ದಲ್ಲ. ಆದರೆ ವಿಷಯ ಸತ್ಯ. ಬೈಬಲಿನಲ್ಲಿ ಧರ್ಮೋಪದೇಶಕಾಂಡ 6:7 ತೆಗೆದು ನೋಡು. ಮನೆಯಲ್ಲಿ ಕೂತಾಗ, ದಾರಿಯಲ್ಲಿ ನಡೆಯುವಾಗ, ಮಲಗುವಾಗ, ಏಳುವಾಗ ಮಕ್ಕಳಿಗೆ ಕಲಿಸು ಅಂತ ಅಪ್ಪ ಅಮ್ಮನಿಗೆ ಹೇಳಿದೆ. ಬೇರೆಯವರ ಕೈಗೆ ಒಪ್ಪಿಸು ಅಂತ ಎಲ್ಲೂ ಹೇಳಿಲ್ಲ.

ಅನಿಲ್: ಅಲ್ಲಿ ಕಲಿಸೋಕೆ ಹೇಳಿರೋದು ದೇವರ ಆಜ್ಞೆಗಳನ್ನ, ಬೀಜಗಣಿತವನ್ನಲ್ಲ. ಮತ್ತೆ ದಾರಿಯಲ್ಲಿ ನಡೆಯುವಾಗ ಅಂತಲೂ ಇದೆಯಲ್ಲ ಅಪ್ಪ, ಆ ದಾರಿ ಎಲ್ಲಿಗಾದ್ರೂ ಹೋಗ್ತಿರುತ್ತೆ ತಾನೆ?

ಸ್ಟೀವನ್: ನಿನ್ನನ್ನು ಶಾಲೆಗೆ ಕಳಿಸಿದ್ದರ ಫಲ ಇದು.

ಶೀಲಾ: ಎಲ್ಲರೂ ಇದು ಜಯಂತನ ತೀರ್ಮಾನ ಅಂದುಕೊಂಡ ಹಾಗಿದೆ. ಇದು ನನ್ನದು. ಯಾವ ಚಿತ್ರ ನೋಡಿಯೂ ಮಾಡಿದ್ದಲ್ಲ.
ನಮ್ಮ ಮೂರನೆಯವನಿಗೆ ಎಂಟು ವರ್ಷ. ಓದೋದು ಅಂದ್ರೆ ಅಳು. ಬಿ, ಡಿ ಎರಡೂ ಅಕ್ಷರ ಅವನಿಗೆ ಒಂದೇ. ಟೀಚರ್ ಒಳ್ಳೆಯವರೇ, ಆದರೆ ತರಗತಿಯಲ್ಲಿ ಇಪ್ಪತ್ತಾರು ಮಕ್ಕಳು, ಇವನ ಸರದಿ ಬರೋದರೊಳಗೆ ಗಂಟೆ ಹೊಡೆದಿರುತ್ತೆ. ಬಸ್ಸಿನಲ್ಲಿ ಹೋಗೋಕೆ ಒಂದು ಗಂಟೆ, ಬರೋಕೆ ಒಂದು ಗಂಟೆ, ಮನೆಗೆ ಬರೋವಾಗ ಹಿಂಡಿ ಹಾಕಿದ ಬಟ್ಟೆ ಥರ ಬರ್ತಾನೆ. ಬೇಸಿಗೆ ರಜೆಯಲ್ಲಿ ದಿನಾ ಇಪ್ಪತ್ತು ನಿಮಿಷ ಪಕ್ಕದಲ್ಲಿ ಕೂರಿಸಿಕೊಂಡೆ, ಅಷ್ಟೇ. ಜೊತೆಗೆ ಕೋಳಿಗೂಡಿನ ಲೆಕ್ಕದ ಪುಸ್ತಕ ಅವನ ಕೈಗೆ ಕೊಟ್ಟೆ. ಯಾವ ಕೋಳಿ, ಯಾವ ದಿನ, ಎಷ್ಟು ಮೊಟ್ಟೆ. ಒಂದು ತಿಂಗಳು ಬರೀ ಅಂಕಿ ಹಾಕ್ತಿದ್ದ. ಆಮೇಲೊಂದು ದಿನ "ಕೆಂಪಿ ಇವತ್ತು ಮೊಟ್ಟೆ ಇಟ್ಟಿಲ್ಲ, ಮುನಿಸಿಕೊಂಡಿದೆ" ಅಂತ ಅವನಾಗೇ ಬರೆದಿದ್ದ. ಇಂಗ್ಲಿಷಿನಲ್ಲಿ, ಮೂರು ತಪ್ಪು. ನಾನು ಗೂಡಿನ ಹಿಂದೆ ನಿಂತು ಅತ್ತೆ.

ಪ್ರೇಮ: ಆ ಪುಟದ ಫೋಟೋ ಹಾಕು ಶೀಲಾ.

ಶೀಲಾ: [ಫೋಟೋ]

ಪ್ರೇಮ: ಜಾಣ ನನ್ನ ಮಗು. ಮುನಿಸು ಅನ್ನೋದಕ್ಕೇ ಎರಡು ಗೆರೆ ಎಳೆದಿದ್ದಾನೆ ನೋಡು.

ಅನಿಲ್: ಅತ್ತೆ, ಇದಕ್ಕೆ ನಂದೇನೂ ತಕರಾರಿಲ್ಲ. ಆದರೆ ಸರ್ಕಾರ ಕೇಳಲ್ವಾ? ಮನೆಯಲ್ಲಿ ಯಾರು ಏನು ಕಲಿಸಿದ್ರೂ ನಡೆಯುತ್ತಾ?

ಶೀಲಾ: ಒಂದೊಂದು ರಾಜ್ಯದಲ್ಲಿ ಒಂದೊಂದು ಥರ. ನಮ್ಮಲ್ಲಿ ಸ್ವಲ್ಪ ಬಿಗಿ. 1988ರ ಕಾನೂನು. ಕಲಿಸೋರು ಹೈಸ್ಕೂಲಾದರೂ ಮುಗಿಸಿರಬೇಕು. ಪ್ರತಿ ವರ್ಷ ಆಗಸ್ಟ್ 1ರೊಳಗೆ ಇಲ್ಲಿನ ಶಾಲೆಗಳ ಸೂಪರಿಂಟೆಂಡೆಂಟರಿಗೆ ಅಫಿಡವಿಟ್ ಕೊಡಬೇಕು, ಮಕ್ಕಳ ಲಸಿಕೆ ವಿವರದ ಸಮೇತ. ವರ್ಷಕ್ಕೆ 180 ದಿನ, ಇಲ್ಲಾಂದ್ರೆ ಚಿಕ್ಕ ತರಗತಿಗೆ 900 ಗಂಟೆ, ದೊಡ್ಡ ತರಗತಿಗೆ 990 ಗಂಟೆ ಪಾಠ ಆಗಿರಬೇಕು. 3, 5, 8ನೇ ತರಗತಿಯಲ್ಲಿ ಪರೀಕ್ಷೆ ಇದೆ. ಏನೇನು ಓದಿದ್ರು, ಬರೆದ್ರು ಅನ್ನೋದರ ಕಡತ ಇಡಬೇಕು, ವರ್ಷದ ಕೊನೆಗೆ ಅರ್ಹತೆ ಇರೋರೊಬ್ಬರು ಮಗುವನ್ನು ಮಾತಾಡಿಸಿ, ಕಡತ ನೋಡಿ, ಕಲಿತಿದೆ ಅಂತ ಬರೆದುಕೊಡಬೇಕು. ಕೋಳಿ ಪುಸ್ತಕ ಆ ಕಡತಕ್ಕೆ ಹೋಗುತ್ತೆ! ಇನ್ನೊಂದು ತಮಾಷೆ, ಬೆಂಕಿ ಅನಾಹುತ ತಡೆಯೋದು ಹೇಗೆ ಅನ್ನೋದನ್ನೂ ಕಡ್ಡಾಯವಾಗಿ ಕಲಿಸಬೇಕು.

ಸ್ಟೀವನ್: ನೋಡಿದ್ಯಾ ಅನಿಲ್? ಎಲ್ಲ ಕಾನೂನುಬದ್ಧ. ಅಲ್ಲಿನ ಸುಪ್ರೀಂ ಕೋರ್ಟೇ 1972ರಲ್ಲಿ ಮನೆ ಶಾಲೆಯನ್ನು ಎತ್ತಿಹಿಡಿದಿದೆ. ಆಮಿಷ್ ಅನ್ನೋ, ಹಳೇ ಕಾಲದ ಹಾಗೆ ಸರಳವಾಗಿ ಬದುಕೋ ಕ್ರೈಸ್ತ ಪಂಗಡದವರ ಕೇಸು.

ಅನಿಲ್: ಅಪ್ಪ, ಆ ಕೇಸು ನಾನು ಓದಿದ್ದೀನಿ, ವಿಸ್ಕಾನ್ಸಿನ್ ವಿರುದ್ಧ ಯೋಡರ್. ಅದು ಮನೆ ಶಾಲೆಯ ಕೇಸಲ್ಲ. ಆ ಮಕ್ಕಳು ಎಂಟನೇ ತರಗತಿವರೆಗೆ ಶಾಲೆಗೇ ಹೋಗಿದ್ರು. ಅದರ ಮೇಲೆ ಹೈಸ್ಕೂಲಿಗೆ ಕಳಿಸಲ್ಲ, ನಮ್ಮ ಬದುಕಿನ ರೀತಿ ಕೆಡುತ್ತೆ ಅಂತ ಮೂವರು ಅಪ್ಪಂದಿರು ಅಂದ್ರು, ತಲಾ ಐದು ಡಾಲರ್ ದಂಡ ಬಿತ್ತು. ಕೋರ್ಟು ಅಪ್ಪಂದಿರ ಪರ ನಿಂತಿತು, ನಿಜ. ಆದರೆ ಅದರಲ್ಲೇ ಡಗ್ಲಸ್ ಅನ್ನೋ ನ್ಯಾಯಮೂರ್ತಿ ಭಾಗಶಃ ಬೇರೆ ತೀರ್ಪು ಬರೆದ್ರು. ಅಪ್ಪಂದಿರಿಗೆ ಏನು ಬೇಕು ಅಂತ ಕೇಳಿದ್ದಾಯ್ತು, ಮಕ್ಕಳನ್ನು ಯಾರು ಕೇಳಿದ್ರು ಅನ್ನೋದು ಅವರ ಪ್ರಶ್ನೆ. ಮೂರು ಮಕ್ಕಳಲ್ಲಿ ಸಾಕ್ಷಿ ಹೇಳಿದ್ದು ಒಬ್ಬಳೇ ಹುಡುಗಿ.

ಸ್ಟೀವನ್: ಮಕ್ಕಳನ್ನು ಕೇಳಿದ್ರೆ ಅವು ದಿನಾ ರಜಾ ಅಂತವೆ.

ಪ್ರೇಮ: ಮಾತು ಅಲ್ಲಿಗೆ ಬಂತಲ್ಲ, ಇನ್ನು ನಾನು ಸುಮ್ಮನಿರಲ್ಲ. ಗ್ರೇಸ್ ಏನಂತಾಳೆ ಜಯಂತ?

ಜಯಂತ: ಅವಳಿಗೇನಕ್ಕ, ಜಾಣೆ. ಹದಿಮೂರು ತುಂಬಿತು. ಅವಳಿದ್ದಾಳೆ ಅಂತಲೇ ನಮಗೆ ಧೈರ್ಯ. ಪುಟ್ಟನನ್ನು ಎತ್ತಿಕೊಳ್ತಾಳೆ, ಐದು ವರ್ಷದವಳಿಗೆ ಅಕ್ಷರ ತಿದ್ದಿಸ್ತಾಳೆ. ಶೀಲಾಗೆ ಬಲಗೈ.

ಪ್ರೇಮ: ನಾನು ಕೇಳಿದ್ದು ಅವಳು ಏನಂತಾಳೆ ಅಂತ. ನೀನು ಹೇಳಿದ್ದು ಅವಳು ಏನು ಮಾಡ್ತಾಳೆ ಅಂತ.

(ಇಲ್ಲಿ ಹನ್ನೊಂದು ನಿಮಿಷ ಯಾರೂ ಏನೂ ಬರೆದಿಲ್ಲ. ನಮ್ಮ ಗುಂಪಿನಲ್ಲಿ ಅದು ದಾಖಲೆ.)

ಸ್ಟೀವನ್: ಅತ್ತಿಗೆ, ದೊಡ್ಡ ಕುಟುಂಬ ಅಂದ್ಮೇಲೆ ದೊಡ್ಡವರು ಚಿಕ್ಕವರಿಗೆ ನೆರವಾಗಲೇಬೇಕಲ್ಲ. ಸುಸನ್ನಾ ಒಬ್ಬಳೇ ಅಷ್ಟು ಮಕ್ಕಳನ್ನು ಹೇಗೆ ನಿಭಾಯಿಸಿದಳು?

ಪ್ರೇಮ: ಒಬ್ಬಳೇ ನಿಭಾಯಿಸಲಿಲ್ಲ ಸ್ಟೀವನ್ ಅವರೇ. ಹೋದ ವರ್ಷ ಸ್ತ್ರೀಯರ ಕೂಟದಲ್ಲಿ ಅವಳ ಬಗ್ಗೆ ಮಾತಾಡಲು ನನಗೇ ಹೇಳಿದ್ರು, ಎರಡು ತಿಂಗಳು ಅವಳ ಕಾಗದಗಳನ್ನೇ ಓದಿದೆ. ನಿಮ್ಮ ಚಿತ್ರದಲ್ಲಿ ಬಂದಿಲ್ಲದ್ದು ಹೇಳ್ತೀನಿ, ಉದ್ದ ಆದ್ರೆ ಬೇಜಾರಾಗಬೇಡಿ.
ಹೆತ್ತದ್ದು 19, ನಿಜ. ಬೆಳೆದು ದೊಡ್ಡವರಾದದ್ದು 10. ಗಂಡು ಮೂರು, ಹೆಣ್ಣು ಏಳು. "ಶಾಲೆಯಿಲ್ಲ" ಅಂತ ಬರೆದಿದೆಯಲ್ಲ, ಮೂರೂ ಗಂಡುಮಕ್ಕಳು ಶಾಲೆಗೆ ಹೋದ್ರು. ಜಾನ್ ಹತ್ತು ವರ್ಷಕ್ಕೇ, 1714ರಲ್ಲಿ, ಲಂಡನ್ನಿನ ಚಾರ್ಟರ್‌ಹೌಸಿಗೆ. ಸ್ಯಾಮ್ಯುಯೆಲ್, ಚಾರ್ಲ್ಸ್ ಇಬ್ಬರೂ ವೆಸ್ಟ್‌ಮಿನ್‌ಸ್ಟರಿಗೆ. ಆಮೇಲೆ ಮೂವರೂ ಆಕ್ಸ್‌ಫರ್ಡ್. ಅವರೂರು ಎಪ್‌ವರ್ತ್‌ನ ಮನೆಶಾಲೆಯಲ್ಲಿ ಕೊನೆತನಕ ಉಳಿದದ್ದು ಹೆಣ್ಣುಮಕ್ಕಳು. ಅವರಲ್ಲಿ ಹೆಟ್ಟಿ ಎಂಟು ವರ್ಷಕ್ಕೇ ಗ್ರೀಕ್ ಹೊಸ ಒಡಂಬಡಿಕೆ ಓದ್ತಿದ್ದಳಂತೆ. ಅವಳಿಗೆ ಯಾವ ಆಕ್ಸ್‌ಫರ್ಡೂ ಇರಲಿಲ್ಲ.
ಇನ್ನು ಒಬ್ಬಳೇ ಅನ್ನೋದು. ಸಾಲ ತಲೆ ಮೇಲಿದ್ರೂ ಮನೆಯಲ್ಲಿ ಕೆಲಸದವರಿದ್ರು. 1709ರ ಫೆಬ್ರವರಿಯಲ್ಲಿ ಮನೆಗೆ ಬೆಂಕಿ ಬಿತ್ತಲ್ಲ, ಅವತ್ತು ರಾತ್ರಿ ಕೂಸು ಚಾರ್ಲ್ಸನನ್ನು ಎತ್ತಿಕೊಂಡು ಹೊರಗೆ ಓಡಿದ್ದು ದಾದಿ. ಐದು ವರ್ಷದ ಜಾನ್ ಒಳಗೇ ಉಳಿದುಬಿಟ್ಟಿದ್ದ, ಅವನನ್ನು ಕಿಟಕಿಯಿಂದ ಇಳಿಸಿದ್ರು. ಜಾನ್‌ನ ಕಥೆ ಎಲ್ಲ ಉಪದೇಶದಲ್ಲೂ ಬರುತ್ತೆ. ದಾದಿ ಬರಲ್ಲ. ನನಗೆ ಬೇಕಾದದ್ದು ಆ ದಾದಿ. ಸುಸನ್ನಾ ಪಾಠ ಹೇಳ್ತಿದ್ದದ್ದು ಬೆಳಿಗ್ಗೆ ಒಂಬತ್ತರಿಂದ ಹನ್ನೆರಡು, ಮಧ್ಯಾಹ್ನ ಎರಡರಿಂದ ಐದು. ಆ ಆರು ಗಂಟೆ ಅವಳು ಯಾರನ್ನೂ ಕರೆದು "ಸ್ವಲ್ಪ ಕೂಸು ಹಿಡಿ" ಅನ್ನಬೇಕಾಗಿರಲಿಲ್ಲ.

ಅನಿಲ್: ಬೆಂಕಿ ತಡೆ ಪಾಠ ಪೆನ್ಸಿಲ್ವೇನಿಯಾದವರು ಎಪ್‌ವರ್ತ್ ನೋಡಿಯೇ ಇಟ್ಟಿರಬೇಕು.

ಪ್ರೇಮ: ನೀನು ಸುಮ್ಮನಿರೋ.

ಜಯಂತ: ಅಕ್ಕ, ಮಕ್ಕಳನ್ನು ಬೆಳೆಸಿದ ಬಗೆಯನ್ನು ಸುಸನ್ನಾ ಜಾನ್‌ಗೆ ಬರೆದ ಕಾಗದ ನಾನೂ ಓದಿದ್ದೀನಿ. 1732ರದ್ದು ತಾನೆ? ದೊಡ್ಡ ಮಗು ಅತಿ ಚಿಕ್ಕದನ್ನು, ಎರಡನೆಯದು ಅದರ ಮುಂದಿನದನ್ನು ಕರೆದುಕೊಂಡು ಓದಿ ಹೇಳ್ತಿದ್ರು ಅಂತ ಅದರಲ್ಲೇ ಇದೆ. ನಾವು ಹೊಸದೇನೂ ಮಾಡ್ತಿಲ್ಲ.

ಪ್ರೇಮ: ಇದೆ. ಎಷ್ಟು ಹೊತ್ತಿಗೆ ಅಂತಲೂ ಇದೆ. ಸಾಯಂಕಾಲ ಐದಕ್ಕೆ, ಪಾಠವೆಲ್ಲ ಮುಗಿದ ಮೇಲೆ. ಆ ದಿನದ ಕೀರ್ತನೆಗಳು, ಹೊಸ ಒಡಂಬಡಿಕೆಯ ಒಂದು ಅಧ್ಯಾಯ. ಅಷ್ಟೇ. ಬೆಳಿಗ್ಗೆ ಒಂಬತ್ತಕ್ಕಲ್ಲ.
ಅದೇ ಕಾಗದದ ಕೊನೆಗೆ ಮನೆಯ ಎಂಟು ನಿಯಮ ಬರೆದಿದ್ದಾಳೆ. ಎಂಟನೆಯದು ಓದು. ಹುಡುಗಿ ಚೆನ್ನಾಗಿ ಓದಲು ಕಲಿಯುವ ತನಕ ಅವಳನ್ನು ಕೆಲಸಕ್ಕೆ ಕೂರಿಸಕೂಡದು. ಓದು ಬರುವ ಮೊದಲೇ ಹೊಲಿಗೆಗೆ ಹಾಕೋದ್ರಿಂದಲೇ ನಾಲ್ಕು ಜನ ಕೇಳುವ ಹಾಗೆ ಓದಬಲ್ಲ ಹೆಂಗಸರು ಇಷ್ಟು ಕಮ್ಮಿ ಅಂತ ಕಾರಣವನ್ನೂ ಕೊಟ್ಟಿದ್ದಾಳೆ. ಏಪ್ರನ್ ಚಿತ್ರ ಎಲ್ಲರ ಫೋನಿಗೂ ಬಂದಿದೆ. ಈ ನಿಯಮ ಯಾರ ಫೋನಿಗೂ ಬರಲಿಲ್ಲ ನೋಡಿ.

ಸ್ಟೀವನ್: ಗ್ರೇಸ್‌ಗೆ ಓದು ಬರುತ್ತಲ್ಲ ಅತ್ತಿಗೆ.

ಪ್ರೇಮ: ಅವಳು ಈಗ ಬೀಜಗಣಿತದ ಬಾಗಿಲಲ್ಲಿದ್ದಾಳೆ. ಮಗು ಕಂಕುಳಲ್ಲಿಟ್ಟುಕೊಂಡು ಆ ಬಾಗಿಲು ದಾಟೋಕಾಗಲ್ಲ.
ಜಯಂತ, ನಿನಗೆ ಮಗ್ಗಿ ಕಲಿಸಿದ್ದು ಯಾರು?

ಜಯಂತ: ನೀನು.

ಪ್ರೇಮ: ಶೂ ಲೇಸು ಕಟ್ಟೋದು, ಕರ್ತನ ಪ್ರಾರ್ಥನೆ?

ಜಯಂತ: ನೀನೇ ಅಕ್ಕ.

ಪ್ರೇಮ: ಅಮ್ಮ ಕಲಿಸಿದಳು ಅಂತ ಸಭೆಯಲ್ಲಿ ಎಲ್ಲರೂ ಹೊಗಳ್ತಿದ್ರು. ಅಮ್ಮನ್ನ ದೂರ್ತಿಲ್ಲ, ಏಳು ಮಕ್ಕಳು, ಅವಳಿಗೆ ಕೂರೋಕೆ ಹೊತ್ತೆಲ್ಲಿತ್ತು. ಆದರೆ ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ನೀನು ಕೈಗೂಸು. ಎಡಗಾಲಿನಲ್ಲಿ ನಿನ್ನ ತೊಟ್ಟಿಲು ತೂಗ್ತಾ, ತೊಡೆ ಮೇಲೆ ಪುಸ್ತಕ ಇಟ್ಟುಕೊಂಡು ಜ್ಯಾಮಿಟ್ರಿ ಓದ್ತಿದ್ದೆ. ವೃತ್ತ ಬರೆಯುವಾಗ ಕಾಲು ಅಲುಗಾಡಿ ಕಂಪಾಸು ಜಾರೋದು. ತೂಗೋದು ನಿಲ್ಲಿಸಿದ್ರೆ ನೀನು ಕಿರುಚೋದು. ಆ ವರ್ಷ ಗಣಿತದಲ್ಲಿ 28 ಬಂತು. ಸ್ಪರ್ಶಕ ಅಂದ್ರೇನು ಅಂತ ಇವತ್ತಿಗೂ ಕೇಳಬೇಡಿ ನನ್ನನ್ನ. ನೀನಂದ್ರೆ ನನಗೆ ಪ್ರಾಣ, ಅದು ಬೇರೆ ವಿಷಯ.

ಜಯಂತ: ಇದನ್ನ ಯಾವತ್ತೂ ಹೇಳಲೇ ಇಲ್ವಲ್ಲ ನೀನು.

ಪ್ರೇಮ: ಯಾರೂ ಕೇಳಲಿಲ್ಲ. ನನ್ನನ್ನೂ ಬಲಗೈ ಅಂತಲೇ ಅಂತಿದ್ರು.

ಜಯಂತ: ಈ ಸಂದೇಶವನ್ನು ಅಳಿಸಲಾಗಿದೆ

ಶೀಲಾ: ಅಕ್ಕ, ನನಗೆ ಸಿಟ್ಟು ಬಂದಿತ್ತು ಮೊದಲು. ಮಕ್ಕಳನ್ನು ಮನೆಯಲ್ಲಿ ಇಟ್ಟುಕೊಳ್ಳೋದೇ ತಪ್ಪು ಅಂತೀರೇನೋ ಅಂದುಕೊಂಡೆ.

ಪ್ರೇಮ: ಖಂಡಿತ ಇಲ್ಲಮ್ಮ. ಆ ಮೂರನೆಯವನಿಗೆ ನೀನೇ ಕಲಿಸು, ನಿನಗಿಂತ ಚೆನ್ನಾಗಿ ಯಾರೂ ಕಲಿಸಲ್ಲ. ನನ್ನ ಪ್ರಶ್ನೆ ಒಂದೇ. ನೀನು ಅವನ ಪಕ್ಕ ಕೂತಾಗ ಪುಟ್ಟ ಎಲ್ಲಿರ್ತಾನೆ?

ಶೀಲಾ: [ಫೋಟೋ: ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ವೇಳಾಪಟ್ಟಿ, ಮಗುವಿಗೊಂದು ಬಣ್ಣ]
ಇದು ಕಳೆದ ವಾರ ಮಾಡಿದ್ದು.

ಅನಿಲ್: ಹಸಿರು ಗ್ರೇಸ್‌ದಾ? ಒಂಬತ್ತರಿಂದ ಹನ್ನೆರಡರ ಚೌಕದಲ್ಲಿ "ಗಣಿತ / ಪುಟ್ಟ" ಅಂತಿದೆ.

ಶೀಲಾ: ನಾನೇ ಬರೆದದ್ದು. ಈಗ ಓದಿದ್ರೆ ನಾಚಿಕೆ ಆಗ್ತಿದೆ. ಬರೆಯುವಾಗ ಏನೂ ಅನ್ನಿಸಲಿಲ್ಲ.

ಸ್ಟೀವನ್: ಒಂದು ಓರೆಗೆರೆ ತಾನೆ. ಅಷ್ಟಕ್ಕೆಲ್ಲ...

ಪ್ರೇಮ: ನಂದೂ ಆ ಓರೆಗೆರೆಯೇ ಸ್ಟೀವನ್ ಅವರೇ.

(ಅಪ್ಪ ಇಲ್ಲಿಂದ ಮುಂದೆ ಬರೀ ಹೆಬ್ಬೆರಳು ಹಾಕಿದ್ದಾರೆ. ಸಂಜೆಯವರೆಗೆ ಬೇರೆ ಏನಿಲ್ಲ.)

ಜಯಂತ: ಅಕ್ಕ, ಗ್ರೇಸ್ ಹತ್ತಿರ ಕೂತು ಮಾತಾಡಿದೆ. ಮನೆಯಲ್ಲಿ ಓದೋಕೆ ಇಷ್ಟವೇ ಅಂತೆ. ಆದರೆ ಶಾಲೆಯ ಕಾಯಿರ್ ಬಿಡಲ್ಲ ಅಂದಳು. ಮನೆಯಲ್ಲಿ ಓದೋ ಮಕ್ಕಳನ್ನೂ ಅಲ್ಲಿ ಹಾಡೋಕೆ ಸೇರಿಸಿಕೊಳ್ತಾರಾ ಅಂತ ಸೋಮವಾರ ಹೋಗಿ ವಿಚಾರಿಸ್ತೀನಿ. ಇದೊಂದು ನನಗೆ ಗೊತ್ತೇ ಇರಲಿಲ್ಲ. ಆಮೇಲೆ ಪೆನ್ನು ಅವಳ ಕೈಗೇ ಕೊಟ್ಟೆ, ವೇಳಾಪಟ್ಟಿ ನೀನೇ ತಿದ್ದು ಅಂತ.

ಜಯಂತ: [ಫೋಟೋ]

ಪ್ರೇಮ: ದೊಡ್ಡದು ಮಾಡಿದ್ರೂ ಕಾಣಿಸ್ತಿಲ್ಲ. ಕನ್ನಡಕ ಒಳಗಿದೆ. ಓದಿ ಹೇಳು.

ಜಯಂತ: ಅವಳ ಸಾಲಿನಲ್ಲಿ "ಪುಟ್ಟ" ಹೊಡೆದುಹಾಕಿದ್ದಾಳೆ. ಕೆಳಗೆ ಪುಟ್ಟನಿಗೇ ಒಂದು ಹೊಸ ಸಾಲು ಮಾಡಿದ್ದಾಳೆ, ಕಿತ್ತಳೆ ಬಣ್ಣ. ಮಂಗಳವಾರ, ಗುರುವಾರ ನಾನು ಮನೆಯಿಂದ ಕೆಲಸ ಮಾಡ್ತೀನಲ್ಲ, ಆ ಎರಡು ದಿನಕ್ಕೆ "ಅಪ್ಪ" ಅಂತ ಬರೆದಿದ್ದಾಳೆ.

ಪ್ರೇಮ: ಮಿಕ್ಕ ಮೂರು ದಿನ?

ಜಯಂತ: ಖಾಲಿ ಬಿಟ್ಟಿದ್ದಾಳೆ ಅಕ್ಕ. ಪೆನ್ನು ಫ್ರಿಜ್ಜಿನ ಮೇಲೆ ಇಟ್ಟು ಹೋದಳು.